ಕುರ್ಚಿ, ಗೋಡೆ, ಕಿಟಕಿ

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ನೆನಪಿಟ್ಟುಕೊಂಡವರು ಯಾರೂ ಇರಲಿಲ್ಲ. ಚಿಕ್ಕಮ್ಮನ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಚಳಿ ಎಂದೇ ಕರೆಯುತ್ತಿದ್ದರು. ಕಾರಣ ಅವಳ ಬೆರಳುಗಳು. ಒಲೆಯ ಪಕ್ಕದಲ್ಲೇ ಕೂತಿದ್ದರೂ ಅವು ತಣ್ಣಗಿರುತ್ತಿದ್ದವು. ಮುಟ್ಟಿಸಿಕೊಂಡವರು ಬೆಚ್ಚಿ ಭುಜ ಕುಗ್ಗಿಸುತ್ತಿದ್ದರು. ಬೇರೆ ಯಾವ ಕಸುಬಿನಲ್ಲಾದರೂ ಇದು ನಗುವಷ್ಟಕ್ಕೆ ಮುಗಿದುಹೋಗುತ್ತಿತ್ತು. ಅವಳ ಗ್ರಹಚಾರಕ್ಕೆ, ಅವಳ ಕಸುಬೇ ದೊಡ್ಡವರ ಕೊರಳು ಮುಟ್ಟುವುದಾಗಿತ್ತು.

ಆ ಊರು ಪೂರ್ತಿ ಒಂದು ಗಾಜಿನ ಚಾವಣಿಯ ಕೆಳಗಿತ್ತು. ಒಳಗೆ ಗಾಳಿ, ಬೀದಿ, ಅರಮನೆ, ಜಗಳ, ಮದುವೆ ಎಲ್ಲವೂ ಇತ್ತು. ಗಾಜಿನಾಚೆ ಕೆಂಪು ದೂಳು ಬಿಟ್ಟರೆ ಇನ್ನೇನೂ ಇರಲಿಲ್ಲ, ಉಸಿರಾಡಲು ಗಾಳಿಯೂ ಇರಲಿಲ್ಲ. ಹಾಗಾಗಿ ಅಲ್ಲಿ ನೇಣುಗಂಬ ನೆಡುವ ಖರ್ಚೇ ಬರಲಿಲ್ಲ. ದೊಡ್ಡ ತಪ್ಪು ಮಾಡಿದವರಿಗೆ ಬಾಗಿಲು ತೆಗೆದು ‘ಹೊರಡಿ’ ಎನ್ನುತ್ತಿದ್ದರು, ಅಷ್ಟೆ.

ಅರಮನೆಯವರ ಮೇಲೆ ದೂರು ಬಂದರೆ ಆಸ್ಥಾನದಲ್ಲಿ ಸಾಕ್ಷಿ ಕೇಳುತ್ತಿರಲಿಲ್ಲ. ಸಾಕ್ಷಿಯನ್ನು ಕೊಂಡುಕೊಳ್ಳಬಹುದೆಂದು ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಅಲ್ಲಿದ್ದವರೆಲ್ಲ ಒಂದಲ್ಲ ಒಂದು ಸಲ ಕೊಂಡವರೇ. ಅದರ ಬದಲು ದೂರು ಹೊತ್ತವರ ಕೊರಳಿಗೆ ಪಟ್ಟಿ ಕಟ್ಟುತ್ತಿದ್ದರು. ತೆಳ್ಳಗಿನ ಲೋಹದ ಪಟ್ಟಿ, ಅದರ ಮೇಲೆ ಒಂದು ಸಾಲು ಮಣಿ. ಎದೆ ತನ್ನ ಪಾಡಿಗೆ ನಡೆಯುತ್ತಿದ್ದರೆ ಮಣಿಗಳು ಬಿಳಿ, ಎದೆ ಹಾರಿದರೆ ಕೆಂಪು. ಸುಳ್ಳು ಹೇಳುವಾಗ ಎದೆ ಹಾರುತ್ತದಲ್ಲ, ಅದನ್ನು ನೆಚ್ಚಿಕೊಂಡು ನಡೆಯುತ್ತಿದ್ದ ನ್ಯಾಯ ಅದು. ಪಟ್ಟಿ ಕೆಂಪಾದರೆ ದೂರು ಹೊತ್ತವರು ಗಾಜಿನಾಚೆ. ಬಿಳಿಯಾಗಿಯೇ ಉಳಿದರೆ ದೂರು ಕೊಟ್ಟವರು ಗಾಜಿನಾಚೆ. ಹೀಗಾಗಿ ಅರಮನೆಯವರ ಮೇಲೆ ಯಾರೂ ಸುಮ್ಮಸುಮ್ಮನೆ ಬಾಯಿ ಬಿಡುತ್ತಿರಲಿಲ್ಲ.

ಎಲ್ಲರ ಎದೆಯೂ ಒಂದೇ ಥರ ಬಡಿದುಕೊಳ್ಳುವುದಿಲ್ಲ. ಕಟ್ಟುವ ಮುಂಚೆ ಆ ಮನುಷ್ಯನ ಎದೆ ಸುಮ್ಮನಿದ್ದಾಗ ಹೇಗೆ ನಡೆಯುತ್ತದೆಂದು ಕೊರಳಿನ ನಾಡಿ ಹಿಡಿದು ನೋಡಿ, ಪಟ್ಟಿಯೊಳಗಿನ ತಿರುಪುಗಳನ್ನು ಅದಕ್ಕೆ ಹೊಂದಿಸಬೇಕು. ಇದಕ್ಕೆ ಹದ ಹಾಕುವುದು ಎನ್ನುತ್ತಿದ್ದರು. ಚಿಕ್ಕಮ್ಮ ಅದರಲ್ಲಿ ಪಳಗಿದ ಕೈ. ಅವಳು ಮೊದಲು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದುತ್ತಿದ್ದಳು, ತಣ್ಣನೆಯ ಬೆರಳಿಗೆ ನಾಡಿ ಬೆಚ್ಚಬಾರದು ಎಂದು. ಆಮೇಲೆ ಎದುರು ಕೂತವರ ಬಾಯಲ್ಲಿ ಕಣ್ಣಿಗೆ ಕಂಡ ಸಾಮಾನುಗಳ ಹೆಸರು ಹೇಳಿಸುತ್ತಿದ್ದಳು. ಕುರ್ಚಿ, ಗೋಡೆ, ಕಿಟಕಿ, ಬಾಗಿಲು, ಮತ್ತೆ ಕುರ್ಚಿ. ಮಂತ್ರಿಯೇ ಇರಲಿ, ಸೇನಾಪತಿಯೇ ಇರಲಿ, ಆಕಳಿಕೆ ಬರುವ ತನಕ ಬಿಡುತ್ತಿರಲಿಲ್ಲ. ಕುರ್ಚಿಯನ್ನು ಕುರ್ಚಿ ಎನ್ನುವುದಕ್ಕೆ ಯಾವನ ಎದೆಯೂ ಹಾರುವುದಿಲ್ಲ, ಅದೇ ಅವನ ನಿಜದ ನಡೆ ಎನ್ನುತ್ತಿದ್ದಳು. ಪಟ್ಟಿಗೆ ಎದೆ ಹಾರಿದ್ದಷ್ಟೇ ಗೊತ್ತಾಗುತ್ತದೆ. ಹೆದರಿ ಹಾರಿತೋ, ಸುಳ್ಳಿಗೆ ಹಾರಿತೋ, ಪ್ರೀತಿಗೆ ಹಾರಿತೋ, ಅದನ್ನು ಕಟ್ಟಿಕೊಂಡು ಪಟ್ಟಿಗೆ ಆಗಬೇಕಾದ್ದೇನೂ ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮುದಿ ದೊರೆ ಹಾಲಿನ ಬಟ್ಟಲು ಕೈಯಲ್ಲಿ ಹಿಡಿದಂತೆಯೇ ಸತ್ತ. ಬಟ್ಟಲಿಗೆ ಯಾರೋ ವಿಷ ಬೆರೆಸಿದ್ದರು. ಅವನಿಗೆ ಇಬ್ಬರು ಮಕ್ಕಳು. ಹಿರಿಯ ಮಗಳನ್ನು ಅರಮನೆಯೆಲ್ಲ ಅಕ್ಕಾವರು ಎನ್ನುತ್ತಿತ್ತು. ತಾವೂ ನಗದ, ಇನ್ನೊಬ್ಬರನ್ನೂ ನಗಿಸದ ಹೆಂಗಸು. ಮಾತಾಡಿದರೆ ಮುಖಕ್ಕೆ ಹೊಡೆದ ಹಾಗೆ. ಕಿರಿಯವನು ಚಿಕ್ಕ ದೊರೆ. ಇನ್ನೂ ಮೀಸೆ ಸರಿಯಾಗಿ ಚಿಗುರದ ಹುಡುಗ, ಅಡುಗೆಯವರ ಹೆಗಲ ಮೇಲೂ ಕೈ ಹಾಕಿ ಮಾತಾಡಿಸುವವನು, ಊರಿಗೆಲ್ಲ ಬೇಕಾದವನು. ಪಟ್ಟಕ್ಕೆ ಬರಬೇಕಾದವರು ಅಕ್ಕಾವರೇ. ತೆಪ್ಪಗೆ ಸಿಂಹಾಸನ ಹತ್ತಿ ಕೂತಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಆದರೆ ಅವರು ತುಂಬಿದ ಆಸ್ಥಾನದಲ್ಲಿ ಎದ್ದು ನಿಂತು, ಅಪ್ಪನ ಬಟ್ಟಲಿಗೆ ವಿಷ ಹಾಕಿದವನು ನನ್ನ ತಮ್ಮ, ಅವನ ಕೊರಳಿಗೆ ಪಟ್ಟಿ ಕಟ್ಟಿ ಎಂದುಬಿಟ್ಟರು. ಅಕ್ಕನೋ ತಮ್ಮನೋ, ಇಬ್ಬರಲ್ಲಿ ಒಬ್ಬರಿಗೆ ಇನ್ನು ಗಾಳಿಯಿಲ್ಲ ಎಂದಾಯಿತು.

ನ್ಯಾಯಾಧೀಶರು ಹದದ ಕೆಲಸವನ್ನು ಚಿಕ್ಕಮ್ಮನ ಅಂಗಡಿಗೆ ಕಳಿಸಿದರು. ಚಿಕ್ಕಮ್ಮನ ಕೈ ಆಗಲೇ ನಡುಗಲು ಶುರುವಾಗಿತ್ತು. ಇನ್ನೆಷ್ಟು ದಿನ ಮುಚ್ಚಿಡಲಿ, ನೀನೇ ಹೋಗು ಎಂದು ತನ್ನ ತಿರುಪುಳಿಯನ್ನು ಚಳಿಯ ಕೈಗಿಟ್ಟಳು. ಹೆತ್ತವರಿಲ್ಲದ ಹುಡುಗಿಯನ್ನು ಸಾಕಿ, ಬೈದು, ಕೈಹಿಡಿದು ಕಲಿಸಿದವಳು ಅವಳು. ಹೋಗುವ ಮುಂಚೆ ಕಾನೂನು ನೆನಪಿಸಿದಳು: ಹದ ತಪ್ಪಿದರೆ ಹಾಕಿದವಳೂ ಗಾಜಿನಾಚೆ, ಅವಳಿಗೆ ಕಲಿಸಿದವಳೂ ಗಾಜಿನಾಚೆ. ಅಷ್ಟು ಹೇಳಿ, ತಲೆ ಬಾಚಿಕೊಂಡು ಹೋಗೇ, ಅರಮನೆಗೆ ಹೋಗ್ತಿದ್ದೀಯ ಎಂದು ಗದರಿದಳು.

ಕೆಲಸ ನಡೆದದ್ದು ಚಿಕ್ಕ ದೊರೆಯ ಉಡುಪಿನ ಕೋಣೆಯಲ್ಲಿ. ಎತ್ತರದ ಕನ್ನಡಿಗಳು, ಇಸ್ತ್ರಿಯ ವಾಸನೆ, ಒಂದು ಗಟ್ಟಿ ಕುರ್ಚಿ, ಅಂಗಳ ಕಾಣುವ ಒಂದು ಕಿಟಕಿ. ಮೊದಲ ದಿನ ಚಳಿ ಬೋಗುಣಿಯಲ್ಲಿ ಕೈ ಬಿಸಿ ಮಾಡಿಕೊಂಡು ಬಂದು ಅವನ ಕೊರಳ ಪಕ್ಕ ಎರಡು ಬೆರಳಿಟ್ಟಳು. ಅವನು ಒಳ್ಳೆ ಹುಡುಗನ ಹಾಗೆ ಕುರ್ಚಿ, ಗೋಡೆ, ಕಿಟಕಿ ಎಂದ. ನಾಡಿ ಅಷ್ಟು ನಿಧಾನ, ಅಷ್ಟು ಸಮ. ಇಷ್ಟು ತಣ್ಣಗಿನ ಎದೆ ಅವಳು ಎಲ್ಲೂ ಕಂಡಿರಲಿಲ್ಲ. ಆವತ್ತೇ ಹದ ಹಾಕಿ ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಂದೇ ದಿನದ ನಡೆ ನಂಬಬಾರದು, ನಾಲ್ಕಾರು ಸಲ ಕೂರಿಸಿ ನೋಡಬೇಕು ಎನ್ನುವುದು ಕಸುಬಿನ ನಿಯಮ.

ಮುಂದಿನ ಸಲ ಅವನು ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, ಅವಳ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿ ಹಿಡಿದು ಉಜ್ಜಿದ. ನೀರು ಯಾಕೆ ದಂಡ ಎಂದು ನಕ್ಕ. ಅವಳಿಗೆ ಕೈ ಎಳೆದುಕೊಳ್ಳಬೇಕೆಂದು ಗೊತ್ತಿತ್ತು, ಎಳೆದುಕೊಳ್ಳಲಿಲ್ಲ. ಆಮೇಲೆ ಅವನು ಕಣ್ಣು ಮುಚ್ಚಿ ಹೇಳತೊಡಗಿದ.

“ಕುರ್ಚಿ. ಗೋಡೆ. ನನ್ನ ಹೆಂಡತಿ ಆಗೋವಳು.”

ಬೆರಳ ಕೆಳಗೆ ನಾಡಿ ಎರಡು ಸಲ ಬೇಗ ಬಡಿದು, ಒಂದು ಕ್ಷಣ ಎಡವಿ, ಓಡತೊಡಗಿತು. ಬರೀ ಮಾತಾಗಿದ್ದರೆ ಚಳಿ ಮೂಗು ಮುರಿದು ಸುಮ್ಮನಾಗುತ್ತಿದ್ದಳು. ಅರಮನೆಯವರ ಬೆಣ್ಣೆ ಮಾತು ಅವಳಿಗೆ ಹೊಸದಲ್ಲ. ಆದರೆ ಬಾಯಿ ಏನು ಬೇಕಾದರೂ ಒದರುತ್ತದೆ, ಎದೆ ನಾಟಕ ಆಡುವುದಿಲ್ಲ ಎಂದು ಕೇಳುತ್ತಲೇ ಬೆಳೆದವಳು ಅವಳು. ನಮ್ಮ ನಿಮ್ಮಂಥವರು ಹುಡುಗನ ಕಣ್ಣು ನೋಡಿ ಮೋಸ ಹೋಗುತ್ತೇವೆ. ಅವಳು ಮೋಸ ಹೋದದ್ದು ನಾಡಿ ಹಿಡಿದು. ಅವಳ ಬೆರಳು ಹೇಳಿದ ಮೇಲೆ ಅವಳಿಗೆ ಇನ್ನೊಬ್ಬರನ್ನು ಕೇಳುವ ಅಗತ್ಯ ಕಾಣಲಿಲ್ಲ.

ಅಲ್ಲಿಂದ ಮುಂದೆ ಬೋಗುಣಿ ಒಣಗಿಯೇ ಬಿದ್ದಿತ್ತು. ಅವನು ಅವಳನ್ನು ಅರಮನೆಯ ಮೇಲಿನ ಕೋಣೆಗೆ ಕರೆದೊಯ್ದು ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ಹೊರಗಿನ ದೂಳಿನ ಗುಡ್ಡಗಳನ್ನು ತೋರಿಸಿದ. ಅಕ್ಕನಿಗೆ ತನ್ನ ಮೇಲೆ ಚಿಕ್ಕಂದಿನಿಂದ ಹೊಟ್ಟೆಕಿಚ್ಚು, ಅಪ್ಪನಿಗೆ ತಾನೆಂದರೆ ಪ್ರಾಣ, ಅಪ್ಪನನ್ನು ತಾನು ಕೊಲ್ಲುವುದುಂಟೇ ಎಂದು ಕಣ್ಣು ತುಂಬಿಕೊಂಡ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಊರು ಆಳುತ್ತೇನೆ, ಚಿಕ್ಕಮ್ಮನಿಗೆ ಅರಮನೆಯಲ್ಲೇ ಒಂದು ಬಿಸಿಲು ಬರುವ ಕೋಣೆ ಕೊಡುತ್ತೇನೆ ಎಂದ. ಹಾಗೆ ಹೇಳುವಾಗೆಲ್ಲ ಅವಳ ಬೆರಳು ಅವನ ಕೊರಳ ಮೇಲೇ ಇರುತ್ತಿತ್ತು. ಪ್ರತಿ ಸಲವೂ ಅದೇ ನಡೆ: ಎರಡು ಸಲ ಬೇಗ, ಒಂದು ಎಡವು, ಆಮೇಲೆ ಓಟ. ಅವಳು ರಸ್ತೆಯಲ್ಲಿ ಹೋಗುವಾಗಲೂ ಅದನ್ನು ಬೆರಳಲ್ಲಿ ತಟ್ಟಿಕೊಂಡು ಹೋಗುತ್ತಿದ್ದಳು. ಅಷ್ಟು ಸುಖವಾಗಿ ಅವಳು ಯಾವತ್ತೂ ಇರಲಿಲ್ಲ.

ಒಂದು ದಿನ ಅಂಗಡಿಯಲ್ಲಿ ಪಟ್ಟಿಯ ಮಣಿಗಳನ್ನು ಒರೆಸುತ್ತಾ ಕೂತಿದ್ದವಳಿಗೆ ಒಂದು ವಿಷಯ ಹೊಳೆದು ಎದೆ ಧಸಕ್ಕೆಂದಿತು. ಆಸ್ಥಾನದಲ್ಲಿ ಪಟ್ಟಿ ಕಟ್ಟಿ ಪ್ರಶ್ನೆ ಕೇಳುವ ಪ್ರಮಾಣ ನಡೆಯುವಾಗ ಹದ ಹಾಕಿದವಳು ದೂರು ಹೊತ್ತವನ ಬೆನ್ನ ಹಿಂದೆ ನಿಂತು, ಪಟ್ಟಿ ಜಾರದಂತೆ ಅದರ ಕೊಂಡಿಯ ಮೇಲೆ ಬೆರಳಿಟ್ಟುಕೊಂಡಿರಬೇಕು. ತಾನು ಮುಟ್ಟಿದರೆ ಅವನ ಎದೆ ಹಾರುತ್ತದೆ. ಹಾರಿದರೆ ಪಟ್ಟಿ ಕೆಂಪು. ನಿಜ ಹೇಳುತ್ತಿದ್ದರೂ, ತನ್ನನ್ನು ಪ್ರೀತಿಸಿದ ಒಂದೇ ತಪ್ಪಿಗೆ ಅವನನ್ನು ಗಾಜಿನಾಚೆ ದಬ್ಬುತ್ತಾರೆ. ಇನ್ನೊಬ್ಬರನ್ನು ಕಳಿಸಿ ಎನ್ನೋಣವೆಂದರೆ ಯಾಕೆಂದು ಹೇಳಬೇಕು. ಕೊರಳು ಮುಟ್ಟುವವಳು ಮನಸ್ಸು ಮುಟ್ಟಿದಳೆಂದು ಗೊತ್ತಾದರೆ ಅಂಗಡಿಗೆ ಬೀಗ.

ಮಾರನೆಯ ಮಧ್ಯಾಹ್ನ ಇದನ್ನು ಅವನಿಗೆ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು. ಹೋಗಲಿ ಬಿಡು, ನಿನ್ನನ್ನು ಪ್ರೀತಿಸಿ ಸತ್ತೆ ಅಂತ ಜನ ಹೇಳಲಿ, ಅದಕ್ಕಿಂತ ಒಳ್ಳೆ ಸಾವು ಯಾವುದಿದೆ ಎಂದು ಅವಳ ತಲೆ ಸವರಿದ. ಹದ ಬದಲಿಸು ಎನ್ನಲಿಲ್ಲ. ಒಂದು ಮಾತೂ ಕೇಳಲಿಲ್ಲ. ಅವನ ಜಾಣತನವೆಲ್ಲ ಇದ್ದದ್ದು ಅಲ್ಲೇ. ಹುಚ್ಚು ಹುಡುಗಿ, ಅದು ತನ್ನದೇ ಯೋಚನೆ, ತನ್ನದೇ ಧೈರ್ಯ ಎಂದುಕೊಂಡು ಅಂಗಡಿಗೆ ಓಡಿಬಂದಳು. ಚಿಕ್ಕಮ್ಮ ಊಟಕ್ಕೆ ಎದ್ದು ಹೋದಾಗ ಪಟ್ಟಿಯೊಳಗಿನ ತಿರುಪನ್ನು ಸಡಿಲಿಸಿದಳು. ಅವನ ನಿಧಾನದ ನಡೆಯಿಂದ ಹಿಡಿದು ಆ ಓಟದ ತನಕ ಎಲ್ಲವೂ ಬಿಳಿಯೇ ಇರುವಂತೆ ಹದ ಹಾಕಿದಳು.

ಪ್ರಮಾಣದ ಹಿಂದಿನ ದಿನ ಅಕ್ಕಾವರು ಅಂಗಡಿಗೆ ಬಂದರು. ಜೊತೆಗೆ ಆಳಿಲ್ಲ, ಕಾಳಿಲ್ಲ. ಚಿಕ್ಕಮ್ಮ ಗಡಿಬಿಡಿಯಿಂದ ಸ್ಟೂಲು ಒರೆಸಿದಳು, ಅವರು ಕೂರಲಿಲ್ಲ. ಗೂಡಿನಲ್ಲಿದ್ದ ಪಟ್ಟಿಯನ್ನು ಮುಟ್ಟಲೂ ಹೋಗಲಿಲ್ಲ, ಮುಟ್ಟುವ ಹಾಗಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಚಳಿಯನ್ನು ನೆಟ್ಟ ಕಣ್ಣಿನಿಂದ ನೋಡಿದರು.

“ಕುರ್ಚಿ, ಗೋಡೆ ಹೇಳಿಸಿ ಹದ ಹಾಕಿದ್ದೀಯ ತಾನೆ?”

“ಹೌದು ಅಕ್ಕಾವರೆ.”

“ಅಷ್ಟು ಸಾಕು. ಚಿಕ್ಕವನಿದ್ದಾಗ ಸುಳ್ಳು ಹೇಳಿದ್ರೆ ಅವನ ಕೊರಳಿನ ನರ ಕುಣೀತಿತ್ತು. ಎರಡು ಸಲ ಎಗರಿ, ಒಂದು ಸಲ ಎಡವೋದು. ಯಾರಿಗೂ ಕಾಣ್ತಿರ್ಲಿಲ್ಲ, ಎತ್ತಿ ಆಡಿಸ್ತಿದ್ದವಳು ನಾನು, ನನಗೆ ಕಾಣ್ತಿತ್ತು. ನಾನು ನನ್ನ ಜೀವ ಒತ್ತೆ ಇಟ್ಟಿರೋದು ಆ ನರದ ಮೇಲೆ. ನೀನು ಕೆಲಸ ಸರಿಯಾಗಿ ಮಾಡಿದ್ರೆ ನನಗೆ ಬೇರೇನೂ ಬೇಡ.”

ಅವರು ಹೋದ ಮೇಲೆ ಚಳಿಯ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಎರಡು ಸಲ ಎಗರಿ ಒಂದು ಸಲ ಎಡವುವುದು. ಈ ಹೆಂಗಸಿಗೆ ಅದು ಹೇಗೆ ಗೊತ್ತು? ಪಟ್ಟಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ತಿರುಪುಳಿ ಸೊಂಟದಲ್ಲೇ ಇತ್ತು, ಒಂದು ಸುತ್ತು ಬಿಗಿ ಮಾಡಿದರೆ ಮುಗಿಯುತ್ತಿತ್ತು. ಆಮೇಲೆ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಹೊಟ್ಟೆಕಿಚ್ಚಿನವರು ಹೀಗೇ ಮಾತಾಡುತ್ತಾರೆ ಎಂದು ಅವನೇ ಹೇಳಿದ್ದನಲ್ಲ. ಪ್ರೀತಿಗೂ ಎದೆ ಓಡುತ್ತದೆ, ಸುಳ್ಳಿಗೂ ಓಡುತ್ತದೆ, ಈ ಒಣಕಲು ಹೆಂಗಸಿಗೆ ಪ್ರೀತಿಯ ಓಟ ಎಲ್ಲಿ ಗೊತ್ತಿರಬೇಕು? ಹೀಗೆ ಅಂದುಕೊಂಡು ಬಟ್ಟೆ ಎತ್ತಿಕೊಂಡಳು. ತಿರುಪು ಹಾಗೇ ಉಳಿಯಿತು.

ಪ್ರಮಾಣದ ದಿನ ಆಸ್ಥಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡವರು ಮುಂದಿನ ಬೆಂಚುಗಳಲ್ಲಿ, ಕಸುಬಿನವರು ಹಿಂದಿನ ಕಟ್ಟೆಯ ಮೇಲೆ. ಚಿಕ್ಕಮ್ಮ ಇದ್ದುದರಲ್ಲಿ ಒಳ್ಳೆ ಬಟ್ಟೆ ಉಟ್ಟು ಬಂದಿದ್ದಳು, ಪಕ್ಕದವಳಿಗೆ ಅವಳು ನನ್ನ ಮಗಳು ಎಂದು ತೋರಿಸುತ್ತಿದ್ದಳು. ನ್ಯಾಯಾಧೀಶರಿಗೆ ಜೋರು ನೆಗಡಿ. ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಅಕ್ಕಾವರು ಎದುರಿನ ಕಂಬದ ಬಳಿ ಕೈ ಕಟ್ಟಿ ನಿಂತಿದ್ದರು. ಚಳಿ ಪಟ್ಟಿ ಕಟ್ಟಿ, ಚಿಕ್ಕ ದೊರೆಯ ಬೆನ್ನ ಹಿಂದೆ ನಿಂತು, ಒಂದು ಬೆರಳು ಕೊಂಡಿಯ ಮೇಲೆ, ಒಂದು ಬೆರಳು ನಾಡಿಯ ಮೇಲೆ ಇಟ್ಟಳು.

ಮೊದಲು ಸುಲಭದ ಪ್ರಶ್ನೆಗಳು. ಹೆಸರು ಕೇಳಿದರು, ತಂದೆಯ ಹೆಸರು ಕೇಳಿದರು, ಹುಟ್ಟಿದ್ದು ಎಲ್ಲಿ ಎಂದು ಕೇಳಿದರು. ಅವನು ಉತ್ತರ ಹೇಳುತ್ತಾ ಹೋದ. ನಾಡಿ ಮೊದಲ ದಿನದ ಹಾಗೆ ನಿಧಾನ, ಸಮ. ಚಳಿಗೆ ಅರ್ಥವಾಗಲಿಲ್ಲ. ಅವಳ ಉಸಿರು ಅವನ ಹೆಡತಲೆಗೆ ತಾಗುತ್ತಿತ್ತು. ಬಿಸಿ ಮಾಡಿಕೊಳ್ಳದ ಬೆರಳು ಅವನ ಮೈಮೇಲಿತ್ತು. ಇಷ್ಟು ಹತ್ತಿರ ನಾನಿದ್ದೇನಲ್ಲ, ಯಾಕೆ ಹಾರುತ್ತಿಲ್ಲ? ಅವಳು ಇನ್ನೂ ಒಂದಿಷ್ಟು ಹತ್ತಿರ ಸರಿದಳು, ಬೆರಳನ್ನು ಸ್ವಲ್ಪ ಒತ್ತಿದಳು. ನಾಡಿ ಜಗ್ಗಲಿಲ್ಲ. ಪಾಪ, ಧೈರ್ಯ ತಂದುಕೊಂಡಿದ್ದಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ನ್ಯಾಯಾಧೀಶರು ಮೂಗು ಒರೆಸಿಕೊಂಡು ಮುಂದೆ ಬಾಗಿದರು. ನಿಮ್ಮ ತಂದೆಯ ಬಟ್ಟಲಿಗೆ ನೀವು ವಿಷ ಹಾಕಿದಿರಾ ಎಂದು ಕೇಳಿದರು.

“ಇಲ್ಲ. ನನ್ನಪ್ಪನ ಬಟ್ಟಲನ್ನ ನಾನು ಮುಟ್ಟಿಯೂ ಇಲ್ಲ.”

ಎರಡು ಸಲ ಬೇಗ. ಒಂದು ಎಡವು. ಆಮೇಲೆ ಓಟ.

ಅವಳಿಗೆ ಅದು ಹೊಸದೇ? ಬೀದಿಯಲ್ಲಿ ನಡೆಯುತ್ತಾ ತಟ್ಟಿಕೊಂಡದ್ದು, ನಿದ್ದೆಯಲ್ಲೂ ಕೇಳಿಸಿಕೊಂಡದ್ದು, ಜಗತ್ತಿನಲ್ಲಿ ತನಗೊಬ್ಬಳಿಗೇ ಸೇರಿದ್ದು ಎಂದು ಎದೆಯಲ್ಲಿಟ್ಟುಕೊಂಡದ್ದು. ಹೆಂಡತಿ ಆಗೋವಳು ಎಂದಾಗ ಓಡಿದ್ದೂ ಇದೇ, ಪಕ್ಕದಲ್ಲಿ ಕೂರಿಸಿಕೊಳ್ತೀನಿ ಎಂದಾಗ ಓಡಿದ್ದೂ ಇದೇ. ಪಟ್ಟಿಯ ಮಣಿಗಳು ಅಚ್ಚ ಬಿಳಿಯಾಗಿ ಹೊಳೆಯುತ್ತಿದ್ದವು. ಅವಳೇ ಹಾಗೆ ಮಾಡಿದ್ದಳಲ್ಲ. ಚಳಿಗೆ ಅಲ್ಲೇ ಕುಸಿದು ಕೂರಬೇಕೆನಿಸಿತು, ಅವನ ಕೊರಳನ್ನು ಅಲ್ಲೇ ಹಿಸುಕಬೇಕೆನಿಸಿತು. ಎರಡೂ ಆಗಲಿಲ್ಲ. ಬೆರಳು ಇಟ್ಟಲ್ಲೇ ಇತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು, ಅದು ಅವಳಿಗೆ. ಪಟ್ಟಿ ಬಿಚ್ಚುವ ಮುಂಚೆ ನ್ಯಾಯಾಧೀಶರು ಹದ ಹಾಕಿದವಳನ್ನು ಕೇಳಲೇಬೇಕು.

“ಹದ ಸರಿ ಇದೆಯಾ?”

ತಪ್ಪಿದೆ ಎಂಬ ಒಂದು ಮಾತಿಗೆ ಎಲ್ಲ ತಲೆಕೆಳಗಾಗುತ್ತಿತ್ತು. ಅಕ್ಕಾವರು ಕಂಬದ ಬಳಿಯಿಂದ ಅವಳನ್ನೇ ನೋಡುತ್ತಿದ್ದರು. ಬೇಡುವ ನೋಟವಲ್ಲ ಅದು, ಕೆಲಸದವಳಿಂದ ಕೆಲಸದ ಉತ್ತರ ಕಾಯುವ ನೋಟ. ಚಳಿ ಬಾಯಿ ತೆರೆದಳು. ಕಣ್ಣು ಹಿಂದಿನ ಕಟ್ಟೆಗೆ ಹೋಯಿತು. ಅಲ್ಲಿ ಚಿಕ್ಕಮ್ಮ ತುದಿಗಾಲಲ್ಲಿ ನಿಂತಿದ್ದಳು. ದೊಡ್ಡವರ ಮುಂದೆ ಹುಡುಗಿಗೆ ನಾಲಿಗೆ ಏಳುತ್ತಿಲ್ಲ ಎಂದುಕೊಂಡು, ಶಾಲೆಯ ಮಗುವಿಗೆ ಪಾಠ ಹೇಳಿಕೊಡುವವರ ಹಾಗೆ, ಸದ್ದಿಲ್ಲದೆ ತುಟಿ ಆಡಿಸಿ ತೋರಿಸುತ್ತಿದ್ದಳು: ಸರಿ ಇದೆ ಅನ್ನು, ಸರಿ ಇದೆ. ಅವಳ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

“ಸರಿ ಇದೆ,” ಎಂದಳು ಚಳಿ.

ಚಿಕ್ಕಮ್ಮನಿಗಾಗಿ ಹಾಗೆಂದಳೋ, ತನ್ನ ಜೀವದಾಸೆಗೆ ಹಾಗೆಂದಳೋ, ಅವಳಿಗೇ ಗೊತ್ತಿಲ್ಲ. ಎರಡನ್ನೂ ಬೇರೆ ಮಾಡಲು ಅವಳ ಕೊರಳಿಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ.

ಅಕ್ಕಾವರು ಕೂಗಾಡಲಿಲ್ಲ. ಕಾವಲಿನವರು ತೋಳು ಹಿಡಿಯಲು ಬಂದಾಗ ನನಗೆ ಕಾಲಿದೆ ಎಂದು ತಾವೇ ನಡೆದರು. ಚಳಿಯ ಪಕ್ಕದಲ್ಲಿ ಹಾದುಹೋಗುವಾಗ ಒಂದು ಕ್ಷಣ ನಿಂತರು.

“ನೀನೂ ಆ ನರ ನೋಡಿದೆ,” ಎಂದರು ಮೆಲ್ಲಗೆ. “ನಾನೊಬ್ಬಳೇ ಅಂದ್ಕೊಂಡಿದ್ದೆ.”

ಗಾಜಿನ ಬಾಗಿಲ ಹತ್ತಿರ ಊರಿಗೆ ಊರೇ ನೆರೆದಿತ್ತು. ಗಂಡಸರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಹೊರಗೆ ಹೋಗುವವರ ಬೆನ್ನಿಗೆ ಒಂದು ಸಣ್ಣ ಗಾಳಿಯ ಡಬ್ಬ ಕಟ್ಟುತ್ತಿದ್ದರು, ದೂಳಿನ ಗುಡ್ಡದಾಚೆಗೆ ನಡೆದುಹೋಗಿ ಕಣ್ಮರೆಯಾಗುವುದಕ್ಕೆ ಸಾಕಾಗುವಷ್ಟು. ಅದು ಕರುಣೆ ಎಂದು ಕೆಲವರು ಭಾವಿಸಿದ್ದರು. ಹೆಣ ಕಣ್ಣಿಗೆ ಬೀಳಬಾರದು ಎನ್ನುವುದಷ್ಟೇ ಅದರ ಉದ್ದೇಶ. ಅಕ್ಕಾವರು ಎಲ್ಲಿಗೂ ನಡೆಯಲಿಲ್ಲ. ಹೊರಗೆ ಎರಡು ಹೆಜ್ಜೆ ಇಟ್ಟು, ಹಿಂದೆ ಬಂದು, ಬಾಗಿಲ ಪಕ್ಕದಲ್ಲೇ ಗಾಜಿಗೆ ಬೆನ್ನು ಕೊಟ್ಟು ಕೂತರು. ಜನ ಮೊದಲು ನಕ್ಕರು, ಆಮೇಲೆ ನಗು ನಿಂತಿತು, ಆಮೇಲೆ ಒಬ್ಬೊಬ್ಬರೇ ಮಕ್ಕಳ ಕಣ್ಣು ಮುಚ್ಚಿ ಮನೆಗೆ ಹೋದರು. ಚಳಿ ಕೊನೆಯ ತನಕ ನಿಂತಿದ್ದಳು. ಅವಳಿಗೆ ಅದೊಂದಾದರೂ ಮಾಡಬೇಕೆನಿಸಿತು.

ಅಂಗಡಿಗೆ ಬಂದಾಗ ಚಿಕ್ಕಮ್ಮ ಸಾಮಾನು ಜೋಡಿಸುತ್ತಿದ್ದಳು. ಅರಮನೆಯಿಂದ ವಾಪಸು ಬಂದಿದ್ದ ಬೋಗುಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆ ಊರಿನ ನೀರು ಪಾತ್ರೆಗೆ ಬಿಳಿ ಪೊರೆ ಬಿಡುವ ನೀರು. ಬೋಗುಣಿಯ ತಳದಲ್ಲಿ ಹೊಸ ಪೊರೆ ಇರಲಿಲ್ಲ, ದೂಳು ಇತ್ತು.

“ಇಷ್ಟು ದಿನ ಕೈ ಎಲ್ಲಿ ಬಿಸಿ ಮಾಡ್ಕೊಂಡೆ?”

ಚಳಿ ಬಾಗಿಲಲ್ಲೇ ನಿಂತಳು. ಚಿಕ್ಕಮ್ಮನಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. ಅವಳು ಬೋಗುಣಿಯನ್ನು ಮೆಲ್ಲಗೆ ಕೆಳಗಿಟ್ಟಳು. ತಾನು ಕಟ್ಟೆಯ ಮೇಲೆ ನಿಂತು ತುಟಿ ಆಡಿಸಿದ್ದು ನೆನಪಾಯಿತೋ ಏನೋ, ಸೆರಗಿನಿಂದ ಬಾಯಿ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. ಆವತ್ತಿನಿಂದ ಅವಳು ಚಳಿಯನ್ನು ಬೈಯಲಿಲ್ಲ, ತಲೆ ಬಾಚಿಕೋ ಎನ್ನಲಿಲ್ಲ, ಕರೆಯಲೂ ಇಲ್ಲ. ತಟ್ಟೆಗೆ ಊಟ ಬಡಿಸಿ ದೂರ ಇಟ್ಟು ಹೋಗುತ್ತಿದ್ದಳು. ಬೈಗುಳವೇ ಪ್ರೀತಿಯಾಗಿದ್ದ ಮನೆಯಲ್ಲಿ ಬೈಗುಳ ನಿಂತರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

ಪಟ್ಟಾಭಿಷೇಕ ಆಯಿತು. ಚಿಕ್ಕ ದೊರೆ ದೊರೆಯಾದ. ಚಳಿ ಕಾಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟೆಲ್ಲ ತಿಳಿದ ಮೇಲೂ, ದಿನಾ ಬಾಗಿಲ ಕಡೆ ಕಿವಿ ಇಟ್ಟೇ ಇದ್ದಳು. ಮನುಷ್ಯರ ಕಥೆಯೇ ಇಷ್ಟು, ಅವಳೊಬ್ಬಳನ್ನೇ ಬೈದು ಏನು ಬಂತು? ಕೊನೆಗೊಂದು ಮಧ್ಯಾಹ್ನ ಅರಮನೆಯಿಂದ ಕರೆ ಬಂತು. ತಿರುಪುಳಿ ತಗೊಂಡು ಬಾ ಎಂದು ಹೇಳಿಕಳಿಸಿದ್ದರು. ಹೋಗುವಾಗ ಅವಳು ತಲೆ ಬಾಚಿಕೊಂಡಳು.

ಅದೇ ಉಡುಪಿನ ಕೋಣೆ, ಅದೇ ಗಟ್ಟಿ ಕುರ್ಚಿ. ದೊರೆ ಕೂತಿದ್ದ, ಪಟ್ಟಿ ಮೇಜಿನ ಮೇಲಿತ್ತು. ಅವಳನ್ನು ಕಂಡು ಮೊದಲಿನಂತೆಯೇ ನಕ್ಕ. ಮೇಜಿನ ಆ ಕಡೆ ಬಿಸಿನೀರು ತುಂಬಿದ ಬೋಗುಣಿ ಹಬೆಯಾಡುತ್ತಿತ್ತು. ಅವಳ ಕೈಗಳ ಕಡೆ ಅವನು ನೋಡಲೂ ಇಲ್ಲ.

ಕೆಲಸ ಏನೆಂದು ಅವನು ಸರಳವಾಗಿ ಹೇಳಿದ. ಈ ಪಟ್ಟಿಯನ್ನು ಯಾವತ್ತಾದರೂ ಯಾರಾದರೂ ಬಿಚ್ಚಿ ನೋಡಿದರೆ ತಿರುಪು ಸಡಿಲ ಇರುವುದು ಕಾಣುತ್ತದೆ. ಈ ಸಲ ನಿನ್ನ ಚಿಕ್ಕಮ್ಮ ಹೇಳಿಕೊಟ್ಟ ಹಾಗೆ, ಕಟ್ಟುನಿಟ್ಟಾಗಿ ಹಾಕು. ಆಮೇಲೆ ನೀನು ಇಲ್ಲೇ ಇರುತ್ತೀಯ. ಆಸ್ಥಾನದವರ ಪಟ್ಟಿಗಳಿಗೆಲ್ಲ ಇನ್ನು ನೀನೇ ಹದ ಹಾಕುವವಳು. ಯಾರಿಗೆ ಬಿಗಿ, ಯಾರಿಗೆ ಸಡಿಲ ಎಂದು ನಾನು ಹೇಳುತ್ತೇನೆ. ಚಿಕ್ಕಮ್ಮನಿಗೆ ಬಿಸಿಲು ಬರುವ ಕೋಣೆ ತಯಾರಾಗಿದೆ, ಬಾಗಿಲಿಗೆ ಕಾವಲಿನವನೂ ಇದ್ದಾನೆ ಎಂದ. ಇದನ್ನೆಲ್ಲ ಹೇಳುವಾಗ ಅವನ ದನಿಯಲ್ಲಿ ಸಿಟ್ಟಾಗಲಿ ಬೆದರಿಕೆಯಾಗಲಿ ಇರಲಿಲ್ಲ. ಮನೆಯ ಸಾಮಾನು ಎಲ್ಲೆಲ್ಲಿ ಇಡಬೇಕೆಂದು ಹೇಳುವವರ ಹಾಗೆ ಹೇಳಿದ.

ಚಳಿ ಬೋಗುಣಿಯಲ್ಲಿ ಕೈ ಅದ್ದಿದಳು. ನೀರು ಸುಡುವಷ್ಟಿತ್ತು, ತೆಗೆಯಲಿಲ್ಲ. ಬಂದು ಅವನ ಬೆನ್ನ ಹಿಂದೆ ನಿಂತು ಕೊರಳಿಗೆ ಬೆರಳಿಟ್ಟಳು. ಕೇಳಬಾರದೆಂದುಕೊಂಡದ್ದು ಬಾಯಿಗೆ ಬಂದೇಬಿಟ್ಟಿತು.

“ಒಂದು ಸಲ ಕೂಡ ಇರ್ಲಿಲ್ವಾ? ಒಂದೇ ಒಂದು ಸಲ?”

ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿದ. ನಿಜವಾಗಿಯೂ ಪಾಪ ಎನಿಸಿದ ಹಾಗಿತ್ತು ಅವನ ಕಣ್ಣು.

“ನನ್ನನ್ಯಾಕೆ ಕೇಳ್ತೀಯ? ಬೆರಳು ಅಲ್ಲೇ ಇದೆಯಲ್ಲ.”

ಆಮೇಲೆ ಕುರ್ಚಿಗೆ ಒರಗಿ ಶುರು ಮಾಡಿದ.

“ಕುರ್ಚಿ. ಗೋಡೆ. ಕಿಟಕಿ. ನೀನು.”

ಚಳಿ ಉಸಿರು ಬಿಗಿಹಿಡಿದು ಬೆರಳನ್ನು ಒತ್ತಿದಳು. ಅವನು ಮತ್ತೊಮ್ಮೆ ಹೇಳಿದ, ಅದೇ ವರಸೆಯಲ್ಲಿ, ಅದೇ ದನಿಯಲ್ಲಿ. ಕುರ್ಚಿ, ಗೋಡೆ, ಕಿಟಕಿ, ನೀನು. ಇನ್ನೊಂದು ಸುತ್ತು ಬಂದಿತು, ಮತ್ತೊಂದು ಸುತ್ತು ಬಂದಿತು. ನಾಡಿ ಕುರ್ಚಿಗೆ ಹೇಗೆ ನಡೆಯಿತೋ ಅವಳಿಗೂ ಹಾಗೇ ನಡೆಯಿತು. ನಿಧಾನವಾಗಿ, ಸಮವಾಗಿ, ಎಲ್ಲೂ ಎಡವದೆ. ಸ್ವಲ್ಪ ಹೊತ್ತಿಗೆ ಅವನಿಗೆ ಆಕಳಿಕೆ ಬಂತು. ಅವಳು ತಿರುಪುಳಿ ತೆಗೆದುಕೊಂಡು ಪಟ್ಟಿಯನ್ನು ಬಿಗಿ ಮಾಡಿದಳು. ಹದ ಸರಿಯಾಗಿ ಕೂತಿತು.